ಚಾದರದ ಲೆಕ್ಕ

ಪರೇಲಿನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಚಾದರ ಎಣಿಸಿದವಳು ನಾನು,
ಸುಗಂಧಿ ಕರ್ಕಡ.
ಧೋಬಿಗೆ ಹೋದದ್ದು ಇನ್ನೂರ ನಲವತ್ತು,
ಬಂದದ್ದು ಇನ್ನೂರ ಮೂವತ್ತೊಂಬತ್ತು.
ಆ ಒಂದಕ್ಕೆ ಮೆಟ್ರನ್ನಳ ಬೈಗುಳ, ನನಗೆ ರಾತ್ರಿಯೆಲ್ಲ ಎಚ್ಚರ.
ತಿಂಗಳ ಮೇಲೆ ಅದು
ಬೈಕುಲ್ಲಾದ ಹೆರಿಗೆ ವಾರ್ಡಿನ ಗಂಟಿನೊಳಗಿಂದ ಬರುತ್ತಿತ್ತು,
ಎಲ್ಲಿದ್ದೆ ಎಂದರೆ ಹೇಳದ ಮಗುವಿನ ಹಾಗೆ.

ಈಗ ನಿವೃತ್ತಿ. ಶುಕ್ರವಾರ ಸಂಜೆ ಕೈಯಲ್ಲಿ
ಗಂಜಿಯ ಸ್ಟೀಲು ಕ್ಯಾನು, ಸಭಾಪಾಲಕರು ಕೊಟ್ಟ ಚೀಟಿಗಳ ಕಟ್ಟು.
ನೀಲಿ ಅಕ್ಷರ: ದೇವರಲ್ಲಿ ನಿನಗಾಗಿ ಒಂದು ಯೋಜನೆಯಿದೆ.
ಮೇಲೆ ಒಬ್ಬ ಕುರುಬ, ತೋಳಲ್ಲಿ ಮರಿ;
ಎಂಥ ಬೆಳ್ಳಗಿನ ಮರಿ! ನಮ್ಮ ಕಡೆ ಅಂಥದ್ದಿಲ್ಲ.
ಗಂಜಿ ಬೇಗ ಖಾಲಿಯಾಗುತ್ತದೆ. ಚೀಟಿ ಉಳಿಯುತ್ತದೆ.

ಫ್ಲೈಓವರಿನ ಕೆಳಗೆ ಎಕ್ಸ್‌ರೇ ಲಕೋಟೆ ತಲೆಗಿಟ್ಟು
ಮಲಗಿದ ದೇಶ. ಬಂಗಾಳಿ, ಭೋಜಪುರಿ, ಒಡಿಯಾ.
ಕನ್ನಡ ಕೇಳಿದಲ್ಲಿ ನನ್ನ ಕಾಲು ತಾನೇ ನಿಲ್ಲುತ್ತದೆ.
ಹಾಗೆ ಸಿಕ್ಕಿದವಳು ನಿಂಬೆವ್ವ, ಸಿಂದಗಿ ಕಡೆಯವಳು.
ಗಂಡನಿಗೆ ಸೋಮವಾರ ಆಪರೇಶನ್ನು, ನಾಲಿಗೆ ತೆಗೆಯುತ್ತಾರೆ.
ಓದು ಬಾರದು ಎಂದಳು. ಓದಿ ಹೇಳಿದೆ.
ಕೊನೆಯತನಕ ಕೇಳಿ,
“ಇದನ್ನ ಬರದಾವಗ ನಾಲಿಗಿ ಐತೇನ್ರಿ ಬಾಯಾಗ?”

ಬಸ್ಸುಗಳು ಹೋದವು. ಉತ್ತರ ಹುಡುಕುತ್ತ ನಾನು
ಸಾಯನ್ ಕುರ್ಲಾ ನಡುವಿನ ಕಂಬವೊಂದಕ್ಕೆ ಹೋಗಿ ನಿಂತಿದ್ದೆ.
ನನ್ನ ಸುಕೇತ, ಇಪ್ಪತ್ತು ವರ್ಷ,
ಲೋಕಲ್ಲಿನ ಬಾಗಿಲಿಗೆ ಜೋತು ಕಾಲೇಜಿಗೆ ಹೋದವನು.
ಶವಾಗಾರದಲ್ಲಿ ಮೊದಲು ನೋಡಿದ್ದು ಮುಖವನ್ನಲ್ಲ,
ಹೊದಿಸಿದ ಚಾದರದ ಮೂಲೆಯ ಮುದ್ರೆ. ಅಭ್ಯಾಸ.
ನಮ್ಮದಲ್ಲ.

ದೇವರ ಚಿತ್ತ ಎಂದರು ಎಲ್ಲರೂ, ಚಹಾ ಕುಡಿದು ಹೋದರು.
ನಾಲ್ಕು ವರ್ಷ ನಾನು ಕರ್ತನ ಮೇಜಿಗೆ ಹೋಗಲಿಲ್ಲ.
ಹಿಂದಿನ ಬೆಂಚಿನಲ್ಲಿ ಕೂತು ಫ್ಯಾನಿನ ರೆಕ್ಕೆ ಎಣಿಸಿದೆ;
ಮೂರೇ ಇದ್ದವು, ಪ್ರತಿ ವಾರವೂ.
ಮರಳಿದ್ದು ಉತ್ತರ ಸಿಕ್ಕಿ ಅಲ್ಲ.
ಒಂದು ಮಧ್ಯಾಹ್ನ ರಿಜಿಸ್ಟರು ಬರೆಯುತ್ತಿದ್ದೆ. ಕಮ್ಮಿ, ಒಂದು.
ಆ ಒಂದನ್ನು ಬರೆಯುವ ಕಾಲಮ್ಮಿನ ತಲೆಯಲ್ಲಿ
ಕಳೆದದ್ದು ಎಂದು ಇರಲಿಲ್ಲ.
ಯಾವ ಕಾಲದ ಯಾವ ಗುಮಾಸ್ತ ಗೆರೆ ಎಳೆದಿದ್ದನೋ,
ಮರಾಠಿಯಲ್ಲಿ ‘ಯೇಣೆ ಬಾಕಿ’ ಎಂದಿತ್ತು.
ಬರಬೇಕಾದದ್ದು.
ಇಷ್ಟು ವರ್ಷ ಅದರಡಿ ಅಂಕಿ ತುಂಬಿದವಳು
ಅವತ್ತು ಓದಿದೆ.
ಪೆನ್ನು ಮುಚ್ಚಿಟ್ಟೆ. ಅಷ್ಟೇ.
ಅದನ್ನು ಬೆಳಕು ಎನ್ನುವವರಿದ್ದರೆ ಎನ್ನಲಿ;
ನೆಲಮಾಳಿಗೆಯ ಟ್ಯೂಬ್‌ಲೈಟು ಎಂದಿನಂತೆ ಮಿಣುಕುತ್ತಿತ್ತು.

ನಿಂಬೆವ್ವನಿಗೆ ಇದನ್ನೆಲ್ಲ ಹೇಳಲಿಲ್ಲ.
ನನ್ನದೂ ಒಂದು ಬರಬೇಕು ತಾಯಿ, ಎಂದೆ.
ಯಾರು ಎಂದು ಅವಳು ಕೇಳಲಿಲ್ಲ.
ಬುತ್ತಿ ಬಿಚ್ಚಿ ಕಟಕ ರೊಟ್ಟಿ ಮುರಿದು
ನನ್ನ ಚೀಟಿಯ ಮೇಲೇ ಕೆಂಪಿಂಡಿ ಹಾಕಿ ಮುಂದೆ ಸರಿಸಿದಳು.
ಎಣ್ಣೆ ಕುಡಿದ ಕಾಗದದಲ್ಲಿ
ಆ ಬದಿಯ ‘ಯೋಜನೆ’ ಈ ಬದಿಗೆ
ತಿರುಗುಮುರುಗಾಗಿ ಕಂಡಿತು.
ಖಾರಕ್ಕೆ ಕಣ್ಣಲ್ಲಿ ನೀರು, ಅಂದುಕೊಂಡೆವು ಇಬ್ಬರೂ.

“ನಿಮ್ಮ ದೇವರಿಗಿ ಕನ್ನಡ ಬರತೈತೇನ್ರಿ?”
ಬರುತ್ತದೆ. ಮಾತು ಕಮ್ಮಿ.
“ಹಂಗಾರ ನಮ್ಮ ಮನಿಯವರಂಗ,” ಎಂದು ನಕ್ಕಳು.
ನಕ್ಕು, ಸೋಮವಾರ ನೆನಪಾಗಿ, ಸೆರಗು ಕಚ್ಚಿದಳು.

ಸೋಮವಾರ ಏಳೂವರೆ. ಸ್ಟ್ರೆಚರಿನ ಒಂದು ಕಡೆ ಅವಳು,
ಇನ್ನೊಂದು ಕಡೆ ನಾನು.
ಅವಳ ಹಣೆಯಲ್ಲಿ ಮೂರು ಬೆರಳ ವಿಭೂತಿ,
ನನ್ನ ಬಾಯಲ್ಲಿ ಶಬ್ದ ಬರದ ಪ್ರಾರ್ಥನೆ.
ಅವನು ಏನೋ ಹೇಳಿದ, ಇದ್ದ ನಾಲಿಗೆಯಿಂದ, ಕೊನೆಯ ಸಲ.
ಬಾಗಿ ಕೇಳಿದಳು. ಏನೆಂದು ನಾನು ಕೇಳಲಿಲ್ಲ.
ಜಾರಿದ ಚಾದರ ಎಳೆದು ಸರಿಮಾಡುವಾಗ
ಮೂಲೆ ತಿರುಗಿಸಿ ನೋಡಿದೆ.
ನಮ್ಮದೇ.
ಬಾಗಿಲು ಮುಚ್ಚಿತು. ಕೆಂಪು ದೀಪ.
ನಿಂಬೆವ್ವನ ಕೈ ಹಿಡಿದು, ರಿಜಿಸ್ಟರಿಲ್ಲದೆ ಬರೆದುಕೊಂಡೆ,
ಯೇಣೆ ಬಾಕಿ: ಒಂದು.